ತೆರಿಗೆ ಶೂನ್ಯವಾದರೂ ಸಂಬಳವೇಕೆ ಸೊರಗುತ್ತದೆ?

ನೇಮಕಾತಿ ಪತ್ರದಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿ ಎಂದಿದ್ದರೆ ತಿಂಗಳಿಗೆ ಒಂದು ಲಕ್ಷ ಎಂದು ಮನಸ್ಸು ತಾನಾಗಿಯೇ ಭಾಗಿಸಿಕೊಳ್ಳುತ್ತದೆ. ಆ ಲೆಕ್ಕ ನಂಬಿ ಬಾಡಿಗೆ ಮನೆ ಗೊತ್ತುಮಾಡಿದವರಿದ್ದಾರೆ, ಸಾಲದ ಕಂತಿಗೆ ಸಹಿ ಹಾಕಿದವರಿದ್ದಾರೆ. ತಿಂಗಳ ಕೊನೆಗೆ ಖಾತೆಗೆ ಬೀಳುವುದು 75 ಸಾವಿರದ ಆಸುಪಾಸು. ಉಳಿದದ್ದೆಲ್ಲ ತೆರಿಗೆಗೆ ಹೋಯಿತು ಎಂಬ ಮಾತು ಆಗ ಮನೆಯಲ್ಲೂ ಕಚೇರಿಯಲ್ಲೂ ಕೇಳಿಬರುತ್ತದೆ. ಆದರೆ ಈ ಸಂಬಳಕ್ಕೆ ಆದಾಯ ತೆರಿಗೆಯೇ ಇಲ್ಲ. 2025–26ನೇ ಸಾಲಿನ ಹೊಸ ತೆರಿಗೆ ಪದ್ಧತಿಯಲ್ಲಿ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಆದಾಯ 12 ಲಕ್ಷ ಮೀರದಿದ್ದರೆ ರಿಯಾಯಿತಿಯಿಂದಾಗಿ ತೆರಿಗೆ ಶೂನ್ಯವಾಗುತ್ತದೆ. ಹಾಗಿದ್ದರೆ ತಿಂಗಳಿಗೆ 25 ಸಾವಿರ ಹೋಗುವುದೆಲ್ಲಿಗೆ? ನನ್ನ ಉತ್ತರ ಇಷ್ಟು: ಅದರ ಬಹುಪಾಲು ಕಡಿತವೇ ಅಲ್ಲ, ತಿಂಗಳ ಸಂಬಳವಾಗಿ ಅದು ಎಂದೂ ಇರಲೇ ಇಲ್ಲ.

ಬೆಂಗಳೂರಿನ ಒಂದು ಸಾಮಾನ್ಯ ವೇತನ ರಚನೆಯನ್ನು ಬಿಡಿಸಿ ನೋಡೋಣ. ಸಿಟಿಸಿ, ಅಂದರೆ ಒಬ್ಬ ನೌಕರನಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ, 12 ಲಕ್ಷ; ಮೂಲ ವೇತನ ಅದರ ಅರ್ಧ, ಅಂದರೆ ತಿಂಗಳಿಗೆ 50 ಸಾವಿರ. ಶೇ 10ರಷ್ಟು ಮೊತ್ತ ವೇರಿಯಬಲ್ ಪೇ ಎಂದಿಟ್ಟುಕೊಳ್ಳಿ. ವರ್ಷದ ಕೊನೆಗೆ ಕೆಲಸದ ಮೌಲ್ಯಮಾಪನ ನೋಡಿ, ಕಂಪನಿಯ ಲಾಭ ನೋಡಿ, ಪೂರ್ತಿಯಾಗಿಯೋ ಅರೆಬರೆಯಾಗಿಯೋ ಕೊಡುವಂಥದ್ದು. ತಿಂಗಳ ಲೆಕ್ಕದಲ್ಲಿ ಅಲ್ಲಿಗೇ 10,000 ರೂಪಾಯಿ ಹೊರಗುಳಿಯಿತು. ಭವಿಷ್ಯ ನಿಧಿಗೆ (ಪಿಎಫ್) ಮಾಲೀಕರು ಕಟ್ಟಬೇಕಾದ ಶೇ 12ರ ಪಾಲು 6,000 ರೂಪಾಯಿ, ಅದೂ ಸಿಟಿಸಿಯ ಒಳಗೇ. ಗ್ರಾಚ್ಯುಟಿಗೆಂದು ಮೂಲ ವೇತನದ ಶೇ 4.81ರಷ್ಟು, ಅಂದರೆ 2,405 ರೂಪಾಯಿ. ಕಾಯಂ ನೌಕರ 5 ವರ್ಷ ಪೂರೈಸದೆ ಕೆಲಸ ಬಿಟ್ಟರೆ ಸಾಮಾನ್ಯವಾಗಿ ಅದು ಅವನ ಕೈ ಸೇರುವುದೇ ಇಲ್ಲ. ಎರಡು ಮೂರು ವರ್ಷಕ್ಕೆ ಕಂಪನಿ ಬದಲಿಸುವವರ ಸಿಟಿಸಿಯಲ್ಲಿ ಈ ಮೊತ್ತ ಬರೀ ಅಂಕಿಯಾಗಿಯೇ ಉಳಿಯುತ್ತದೆ. ಇಷ್ಟೆಲ್ಲ ಕಳೆದ ಮೇಲೆ ಸಂಬಳ ಚೀಟಿಯಲ್ಲಿ ಒಟ್ಟು ವೇತನವೆಂದು ಕಾಣುವುದು 81,595 ರೂಪಾಯಿ. ನಿಜವಾದ ಕಡಿತ ಶುರುವಾಗುವುದು ಇಲ್ಲಿಂದ: ನೌಕರನ ಪಾಲಿನ ಪಿಎಫ್ 6,000, ರಾಜ್ಯ ಸರ್ಕಾರದ ವೃತ್ತಿ ತೆರಿಗೆ 200. ಕೈಗೆ ಬರುವುದು 75,395. ಮರೆಯಾದ 24,605 ರೂಪಾಯಿಗಳಲ್ಲಿ ತೆರಿಗೆಯಾಗಿ ಹೋದದ್ದು ಇನ್ನೂರೇ ರೂಪಾಯಿ. (ಕರ್ನಾಟಕದಲ್ಲಿ ವೃತ್ತಿ ತೆರಿಗೆ ಫೆಬ್ರುವರಿಯಲ್ಲಿ ಮಾತ್ರ 300, ಸಂವಿಧಾನದ 276ನೇ ವಿಧಿ ಹಾಕಿರುವ 2,500 ರೂಪಾಯಿ ವಾರ್ಷಿಕ ಮಿತಿಗೆ ಸರಿಯಾಗಿ ಕೂಡಿಸಿದ ಲೆಕ್ಕ ಅದು.)

ಹೆಚ್ಚು ಸಂಬಳದವರಿಗೆ ತೆರಿಗೆ ಭಾರವಲ್ಲವೇ ಎಂದರೆ, ಭಾರವೇ. ಆದರೆ ಜನ ಅಂದುಕೊಂಡಷ್ಟಲ್ಲ. ಸಿಟಿಸಿಯಲ್ಲ, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯುವ ಮೊದಲಿನ ಸಂಬಳವೇ 20 ಲಕ್ಷ ಇರುವವರು ಸೆಸ್ ಸೇರಿಸಿ ಕಟ್ಟುವುದು 1,92,400 ರೂಪಾಯಿ, ಶೇ 10ಕ್ಕಿಂತ ಕಡಿಮೆ. ಶೇ 20ರ ಹಂತ ಮುಟ್ಟಿದ ಕೂಡಲೇ ಇಡೀ ಸಂಬಳಕ್ಕೆ ಆ ದರ ಬೀಳುತ್ತದೆಂಬ ನಂಬಿಕೆ ಇನ್ನೂ ಹೋಗಿಲ್ಲ. ಯಾವ ದರವಾದರೂ ಅನ್ವಯಿಸುವುದು ಆ ಹಂತದೊಳಗೆ ಬರುವ ರೂಪಾಯಿಗಳಿಗೆ ಮಾತ್ರ. 12 ಲಕ್ಷದ ಗಡಿ ಸ್ವಲ್ಪವೇ ದಾಟಿದವರಿಗೂ ರಕ್ಷಣೆ ಇದೆ: ತೆರಿಗೆಗೆ ಒಳಪಡುವ ಆದಾಯ 12,10,000 ಆದರೆ ಸೆಸ್ ಬಿಟ್ಟು ಕಟ್ಟಬೇಕಾದ್ದು 10,000 ರೂಪಾಯಿ, 61,500 ಅಲ್ಲ.

ಕಂಪನಿಗಳ ವಾದವನ್ನೂ ಕೇಳಬೇಕು. ಪಿಎಫ್ ಪಾಲು, ಗ್ರಾಚ್ಯುಟಿ ಎರಡೂ ನಮ್ಮ ಬೊಕ್ಕಸದಿಂದಲೇ ಹೋಗುವ ಹಣ, ಒಬ್ಬ ನೌಕರನಿಗೆ ತಗಲುವ ವೆಚ್ಚವನ್ನು ಪೂರ್ತಿ ಹೇಳುವುದರಲ್ಲಿ ಮೋಸವೇನು ಎನ್ನುತ್ತವೆ. ವೆಚ್ಚ ನಿಜ, ತಮ್ಮ ಲೆಕ್ಕಪತ್ರಕ್ಕೆ ಅದು ಬೇಕು ಎಂಬುದೂ ನಿಜ. ಆದರೆ 1952ರ ಭವಿಷ್ಯ ನಿಧಿ ಕಾಯ್ದೆಯ ಆಶಯ ಬೇರೆ. ವಂತಿಗೆ ಕಟ್ಟಬೇಕಾಗಿದೆ ಎಂಬ ಕಾರಣಕ್ಕೆ ಮಾಲೀಕರು ನೇರವಾಗಿಯಾಗಲೀ ಬಳಸುದಾರಿಯಿಂದಾಗಲೀ ವೇತನ ಇಳಿಸಬಾರದೆಂದು ಅದರ 12ನೇ ಸೆಕ್ಷನ್ ಹೇಳುತ್ತದೆ. ತಮ್ಮ ಪಾಲನ್ನು ನೌಕರರ ವೇತನದಿಂದ ಹಿಡಿದುಕೊಳ್ಳಬಾರದೆಂದು ಪಿಎಫ್ ಯೋಜನೆಯ ನಿಯಮವೂ ಇದೆ. ಮೊದಲೇ ಒಂದು ಒಟ್ಟು ಮೊತ್ತ ಹೇಳಿ, ಅದರೊಳಗಿಂದಲೇ ತಮ್ಮ ಪಾಲನ್ನು ತೆಗೆದಿಡುವ ಸಿಟಿಸಿ ಪದ್ಧತಿ ಕಾನೂನಿನ ಅಕ್ಷರವನ್ನು ಮುರಿಯದೇ ಇರಬಹುದು. ಆದರೆ ಮಾಲೀಕರ ಹೊಣೆಯನ್ನು ನೌಕರನ ಗಳಿಕೆಯಂತೆ ತೋರಿಸುವುದು ನನಗಂತೂ ನ್ಯಾಯವಾಗಿ ಕಾಣುವುದಿಲ್ಲ. ಸಂಬಳದ ಚೌಕಾಸಿ ನಡೆಯುವುದೇ ಆ ದೊಡ್ಡ ಅಂಕಿಯ ಮೇಲೆ. ಎರಡು ಕಂಪನಿಗಳು ಒಂದೇ ಸಿಟಿಸಿ ಹೇಳಿ, ವೇರಿಯಬಲ್ ಭಾಗವನ್ನು ಬೇರೆ ಬೇರೆ ಇಟ್ಟರೆ ತಿಂಗಳ ಸಂಬಳದಲ್ಲಿ ಸಾವಿರಾರು ರೂಪಾಯಿ ವ್ಯತ್ಯಾಸವಾಗುತ್ತದೆ. ಅದು ತಿಳಿಯುವ ಹೊತ್ತಿಗೆ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿರುತ್ತದೆ.

ಹಾಗಾದರೆ ಪಿಎಫ್ ಗೊಡವೆಯೇ ಬೇಡ, ಎಲ್ಲವನ್ನೂ ನಗದಾಗಿ ಕೊಟ್ಟುಬಿಡಿ ಎನ್ನುವ ಯುವಕರಿದ್ದಾರೆ. ಇದನ್ನು ನಾನು ಒಪ್ಪಲಾರೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ 14,000 ರೂಪಾಯಿ ಪಡೆಯುವ ಗಾರ್ಮೆಂಟ್ಸ್ ಕಾರ್ಮಿಕಳ ಲೆಕ್ಕ ನೋಡಿ. ಪಿಎಫ್‌ಗೆ 1,680, ಶೇ 0.75ರಂತೆ ನೌಕರರ ರಾಜ್ಯ ವಿಮೆಯಾದ ಇಎಸ್‌ಐಗೆ 105 ಹೋಗಿ ಕೈಗೆ ಬರುವುದು 12,215. ಈ ಸಂಬಳದಲ್ಲಿ ಶೇ 12 ಕಡಿತ ಸಣ್ಣದಲ್ಲ. ಆದರೂ ಇಎಸ್‌ಐ ಆಸ್ಪತ್ರೆಯ ಚಿಕಿತ್ಸೆಗೆ ಮಾಲೀಕರು ಶೇ 3.25 ಸೇರಿಸುತ್ತಾರೆ, ಪಿಎಫ್‌ಗೆ ಸಮಪಾಲು ಕೊಡುತ್ತಾರೆ, 2024–25ಕ್ಕೆ ಆ ಖಾತೆಗೆ ಸಿಕ್ಕ ಬಡ್ಡಿ ಶೇ 8.25. ಕೈಯಲ್ಲಿದ್ದರೆ ಖರ್ಚಾಗಿ ಹೋಗುತ್ತಿದ್ದ ಹಣ ಮಗಳ ಓದಿಗೆ, ಮನೆಯ ಮುಂಗಡಕ್ಕೆ ಒದಗುತ್ತದೆ. ಇದು ತನ್ನ ದುಡ್ಡು ಎಂಬುದನ್ನು ಆಕೆಗೆ ಯಾರೂ ಹೇಳಿಕೊಡಬೇಕಿಲ್ಲ. ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಳಿಗೆ ಇಳಿದದ್ದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ನಿಯಮ ವಾಪಸಾಯಿತು. ಅವರ ಸಿಟ್ಟು ಕಡಿತದ ಮೇಲಿರಲಿಲ್ಲ, ಕೂಡಿಟ್ಟದ್ದು ಬೇಕಾದಾಗ ಸಿಗುವುದಿಲ್ಲ ಎಂಬುದರ ಮೇಲಿತ್ತು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ಚರ್ಚೆಯನ್ನು ಮತ್ತೆ ಮುಂದಕ್ಕೆ ತಂದಿವೆ. ಭತ್ಯೆಗಳು ಒಟ್ಟು ವೇತನದ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೆಂದೇ ಎಣಿಕೆಯಾಗುತ್ತದೆ. ಪಿಎಫ್ ಅನ್ನು 15,000 ರೂಪಾಯಿ ಮಿತಿಗೆ ಕಟ್ಟುವಲ್ಲಿ ಇದರಿಂದ ಪಿಎಫ್ ಕಡಿತ ಹೆಚ್ಚುವುದಿಲ್ಲ. ಪೂರ್ಣ ವೇತನದ ಮೇಲೆ ಕಟ್ಟುವಲ್ಲಿ ಕೈಗೆ ಬರುವ ಮೊತ್ತ ಇಳಿದು ಉಳಿತಾಯ ಏರಬಹುದು. ಇದೇ ಸಂಹಿತೆಗಳಲ್ಲಿ ಪ್ರತಿ ನೌಕರನಿಗೂ ನೇಮಕಾತಿ ಪತ್ರ ಕೊಡಲೇಬೇಕೆಂಬ ವಿಧಿಯಿದೆ, ಅದರ ನಮೂನೆ ನಿಗದಿಪಡಿಸುವ ಅಧಿಕಾರ ಸರ್ಕಾರಗಳಿಗಿದೆ. ತಿಂಗಳ ಖಚಿತ ವೇತನ, ಮಾಲೀಕರ ವಂತಿಗೆ, ವೇರಿಯಬಲ್ ಮೊತ್ತ ಇವನ್ನು ಬೇರೆ ಬೇರೆ ಸಾಲುಗಳಲ್ಲಿ ಬರೆಯಬೇಕು, ಕೊನೆಯಲ್ಲಿ ಕೈಗೆ ಸಿಗುವ ಅಂದಾಜು ಸಂಬಳ ಇರಬೇಕು ಎಂದು ಕರ್ನಾಟಕ ಸರ್ಕಾರ ಆ ನಮೂನೆಯಲ್ಲಿ ಸೇರಿಸಲಿ. ತೆರಿಗೆ ಒಬ್ಬೊಬ್ಬರಿಗೆ ಒಂದೊಂದು ಥರ, ಅಂದಾಜು ಹೇಗೆ ಎಂಬ ಆಕ್ಷೇಪಕ್ಕೆ ಬಲವಿಲ್ಲ. ನೌಕರ ಬೇರೆ ಆಯ್ಕೆ ತಿಳಿಸದಿದ್ದರೆ ಹೊಸ ಪದ್ಧತಿಯಂತೆಯೇ ಕಂಪನಿಗಳು ಈಗಲೂ ಸಂಬಳದಲ್ಲೇ ತೆರಿಗೆ (ಟಿಡಿಎಸ್) ಹಿಡಿಯುತ್ತಿವೆ. ಮೊದಲ ಸಂಬಳದ ದಿನ ಮಾಡುವ ಆ ಲೆಕ್ಕವನ್ನು ನೇಮಕಾತಿಯ ದಿನವೇ ಮಾಡಿಕೊಡುವುದಕ್ಕೆ ಅಡ್ಡಿಯೇನೂ ಇಲ್ಲ.