ಸಿಪಾಯಿಯ ಅಂಗಿಯ ಗುಂಡಿ

ಸಿಪಾಯಿಯು ಮಡಿದು ಮಣ್ಣುಗೂಡಿದ ಮೇಲೆ ಅವನ ಉಡುಪೂ ಬಹುಮಟ್ಟಿಗೆ ನಶಿಸುವುದು. ಅಂಗಿಯ ಲೋಹದ ಗುಂಡಿ ಮಾತ್ರ ಉಳಿದು ಅವನ ಪರವಾಗಿ ಸಾಕ್ಷಿ ನುಡಿಯುವುದು.

ಲಿಥುವೇನಿಯಾ ದೇಶದ ವಿಲ್ನಿಯಸ್ ನಗರದಲ್ಲಿ 2001ರಲ್ಲಿ ನೆಲವನ್ನಗೆಯುತ್ತಿದ್ದವರಿಗೆ ಅಸ್ಥಿಗಳ ರಾಶಿಯೇ ಕಂಡಿತು. ಕಳೆದ ಶತಮಾನದ ಸಾಮೂಹಿಕ ಕೊಲೆಗಳಿಗೆ ಬಲಿಯಾದವರಿರಬೇಕೆಂದು ಮೊದಲು ಶಂಕೆ ಹುಟ್ಟಿತು. ಆದರೆ ಎಲುಬುಗಳ ನಡುವೆ ದೊರೆತ ನಾಣ್ಯಗಳೂ ಅಂಕೆಯುಳ್ಳ ಗುಂಡಿಗಳೂ ಬೇರೊಂದು ಕಥೆಯನ್ನೇ ಹೇಳಿದುವು. 1812ರಲ್ಲಿ ರಷ್ಯಾದಿಂದ ಹಿಮ್ಮೆಟ್ಟುತ್ತ ಹಸಿವು, ಚಳಿ, ರೋಗಗಳಿಂದ ಸತ್ತ ನೆಪೋಲಿಯನ್ನನ ಸೈನಿಕರು ಅವರು. 3000ಕ್ಕೂ ಮಿಕ್ಕ ಮಂದಿ! ಫ್ರೆಂಚ್ ಕಾಲಾಳುಗಳ ಗುಂಡಿಯ ಮೇಲೆ ಅವರವರ ಪಲ್ಟಣದ ಅಂಕೆಯಿರುತ್ತಿದ್ದಿತು. ಹಳದಿ ಲೋಹವಾದರೆ ಸಾಮಾನ್ಯ ಪಲ್ಟಣ, ಬಿಳಿಯದಾದರೆ ಲಘು ಪಲ್ಟಣ. ತವರದ ಗುಂಡಿಗಳು ಚಳಿಗೆ ಪುಡಿಯಾದುದರಿಂದಲೇ ಆ ಸೇನೆ ಕೆಟ್ಟಿತೆಂಬ ಕಥೆಯೊಂದುಂಟು. ಅದೇ ಹಿಮದ ನಾಡಿನಿಂದ ಗುಂಡಿಗಳು ಇಡಿಯಾಗಿ ಹೊರಬಂದಿರಲು ಅದನ್ನು ನಂಬುವುದೆಂತು?

ನಮ್ಮ ಕಡೆಯ ಹಳೆಯ ಪೆಟ್ಟಿಗೆಗಳಲ್ಲಿ ದೊರೆಯಬಹುದಾದುದು ಬ್ರಿಟಿಷರ ಕಾಲದ ಗುಂಡಿ. ಅದರಲ್ಲಿ ಕಿರೀಟವನ್ನು ನೋಡಬೇಕು. ಕಿರೀಟದ ಕಮಾನು ಗುಂಬಜದಂತೆ ದುಂಡಗೆ ಏರಿದ್ದರೆ ಅದು ಬಹುಮಟ್ಟಿಗೆ 1901ರಿಂದ 1952ರವರೆಗಿನ ರಾಜರ ಕಾಲದ್ದು. ನಡುವೆ ತಗ್ಗಿದ್ದರೆ ವಿಕ್ಟೋರಿಯಾ ರಾಣಿಯದೋ ಎರಡನೆಯ ಎಲಿಜಬೆತ್ ರಾಣಿಯದೋ ಆಗಿರುವುದು. ಕಿರೀಟದ ಎಡೆಯಲ್ಲಿ ಅಶೋಕಸ್ತಂಭದ ಸಿಂಹಗಳಿದ್ದರೆ ಸ್ವತಂತ್ರ ಭಾರತದ್ದು, 1950ರಿಂದ ಈಚಿನದು.

ಅಂತಹುದು ಮನೆಯಲ್ಲಿದ್ದರೆ, ಹೊಳೆಯಲೆಂದು ಹುಣಿಸೆಹಣ್ಣು ಹಚ್ಚಿ ತಿಕ್ಕಲಾಗದು. ಮೇಲಣ ಗಿಲೀಟು ಹೋಗುವುದಲ್ಲದೆ, ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ತಯಾರಕನ ಹೆಸರೂ ಊರೂ ಅಳಿಸಿಹೋಗುವುವು.