ದುಡಿಮೆಯ ಮನೆಯಲ್ಲಿ ಮಾತಿನ ಬೆಲೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಪೂರ್ವಾರ್ಧವನ್ನು ನಮ್ಮ ಹೋಟೆಲುಗಳು ಊರೂರಿನಲ್ಲಿ ಸಾಧಿಸಿ ತೋರಿಸಿವೆ. ಉತ್ತರಾರ್ಧದ ಕಡೆಗೆ ನಮ್ಮವರ ಲಕ್ಷ್ಯ ಅಷ್ಟಾಗಿ ಹೋಗಿಲ್ಲ. ಮಾತು ಬಲ್ಲವನೆಂದರೆ ಬಾಯಿಬಡುಕನೆಂದೋ ಮುಖಸ್ತುತಿ ಮಾಡುವವನೆಂದೋ ಅನೇಕರು ಭಾವಿಸಿದ್ದಾರೆ. ಕೇಳಿದುದನ್ನು ಸರಿಯಾಗಿ ಗ್ರಹಿಸಿ, ಹೇಳಬೇಕಾದುದನ್ನು ಹೇಳಬೇಕಾದವರಿಗೆ ಸಕಾಲದಲ್ಲಿ ಹೇಳುವವನೇ ನಿಜವಾಗಿ ಮಾತು ಬಲ್ಲವನು.

ಮಧ್ಯಾಹ್ನದ ಗದ್ದಲದ ಹೊತ್ತಿನಲ್ಲಿ ಹೋಟೆಲೊಂದನ್ನು ನೋಡಿರಿ. ಗಿರಾಕಿಯ ಮಾತು ಮಾಣಿಗೆ, ಮಾಣಿಯಿಂದ ಅಡಿಗೆಯ ಭಟ್ಟರಿಗೆ, ಕೊನೆಗೆ ಗಲ್ಲಾಕ್ಕೆ ಮುಟ್ಟಬೇಕು. ಈರುಳ್ಳಿ ಬೇಡವೆಂದವನ ಮುಂದೆ ಈರುಳ್ಳಿ ದೋಸೆ ಬಂದಿತೆನ್ನಿ. ಭಟ್ಟರು ಮಾಣಿಯನ್ನು ಬಯ್ಯುತ್ತಾರೆ, ಮಾಣಿ ಭಟ್ಟರನ್ನು ದೂರುತ್ತಾನೆ, ಗಿರಾಕಿ ಮರುದಿನ ಎದುರಿನ ಹೋಟೆಲಿಗೆ ಹೋಗುತ್ತಾನೆ. ಕೇಳಿದ ತಿಂಡಿಯ ಹೆಸರನ್ನು ಗಿರಾಕಿಯ ಎದುರಿನಲ್ಲಿಯೇ ಒಮ್ಮೆ ಮರಳಿ ಹೇಳಿದ್ದರೆ ಇಷ್ಟೂ ತಪ್ಪುತ್ತಿತ್ತು. ಇಂದು ಯಂತ್ರದ ಮೂಲಕ ಅಡಿಗೆಮನೆಗೆ ಆರ್ಡರು ಕಳುಹಿಸುವ ಹೋಟೆಲುಗಳೂ ಇವೆ. ಆದರೆ ತಪ್ಪಾಗಿ ಕೇಳಿಸಿಕೊಂಡುದನ್ನು ಯಂತ್ರವು ತಿದ್ದಲಾರದು.

ಪರಸ್ಥಳದಲ್ಲಿ ದುಡಿಯುವ ನಮಗೆ ಭಾಷೆಯ ತೊಡಕೂ ಉಂಟು. ಮರಾಠಿಯಲ್ಲಿ ‘ಪಾವಣೆ ದಹಾ’ ಎಂದರೆ 9 ಗಂಟೆ 45 ನಿಮಿಷ. ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ‘ದಹಾ’ ಮಾತ್ರ ಕೇಳಿಸಿದರೆ ಕಚೇರಿಗೆ ಚಹಾ ಕಾಲು ಗಂಟೆ ತಡವಾಗಿ ಹೋಗುತ್ತದೆ. ‘ದೀಡ್’ ಒಂದೂವರೆ, ‘ಅಡೀಚ್’ ಎರಡೂವರೆ. ಇಂಥವನ್ನು ಹಳಬರು ಮೊದಲ ವಾರದಲ್ಲಿಯೇ ಕಲಿಸಬೇಕು. ಮುಂಬಯಿಯ ಬೀದಿಯಲ್ಲಿ ಸಲ್ಲುವ ‘ತುಮ್’ ದಿಲ್ಲಿಯಲ್ಲಿ ಒರಟೆನಿಸೀತು. ಅಲ್ಲಿ ಹಿರಿಯರನ್ನು ‘ಆಪ್’ ಎಂದೇ ಕರೆಯಬೇಕು. ಗುಮಾಸ್ತರಿಗಂತೂ ಪರಿಚಿತ ಶಬ್ದಗಳೇ ಮೋಸಮಾಡುತ್ತವೆ. ಹಿಂದಿಯಲ್ಲಿ ‘ಶಿಕ್ಷಾ’ ಎಂದರೆ ವಿದ್ಯಾಭ್ಯಾಸ, ‘ಉಪನ್ಯಾಸ್’ ಎಂದರೆ ಕಾದಂಬರಿ! ಅರ್ಥವಾಗದಿದ್ದರೂ ತಲೆಯಾಡಿಸಿ ತಪ್ಪು ಕಾಗದ ಬರೆಯುವುದಕ್ಕಿಂತ “ಇನ್ನೊಮ್ಮೆ ಹೇಳಿ” ಎಂದು ಕೇಳುವುದೇ ಲೇಸು. ಅದರಲ್ಲಿ ಅವಮಾನವೇನೂ ಇಲ್ಲ.

ಈ ಪಾಠ ಕೆಲಸಗಾರರಿಗೆ ಮಾತ್ರ ಮೀಸಲಾದುದಲ್ಲ. ಗಿರಾಕಿಗಳ ಎದುರಿನಲ್ಲಿ ಹುಡುಗನನ್ನು ಗದರಿಸುವ ಧಣಿಗಳು ಒಂದು ವಿಷಯವನ್ನು ಮರೆಯುತ್ತಾರೆ. ಹಾಗೆ ಬೈಸಿಕೊಂಡವನು ಮುಂದೆ ಹಾಲು ಒಡೆದುದನ್ನು ಹೇಳಲು ಹೆದರುತ್ತಾನೆ; ಗ್ಯಾಸು ಸೋರುವ ವಾಸನೆ ಬಂದರೂ ‘ನನಗೇಕೆ’ ಎಂದು ಸುಮ್ಮನಿರುತ್ತಾನೆ. ಬಾಯಿ ಮುಚ್ಚಿಸಿದ ಮನೆಯಲ್ಲಿ ಅಪಾಯದ ಸುದ್ದಿ ಎಲ್ಲರಿಗಿಂತ ಕೊನೆಗೆ ಧಣಿಗೆ ತಿಳಿಯುತ್ತದೆ. ತಪ್ಪನ್ನು ಒಳಗೆ ಕರೆದು ತಿದ್ದಬೇಕು. ಒಳ್ಳೆಯ ಕೆಲಸವನ್ನು ನಾಲ್ವರ ಎದುರಿನಲ್ಲಿ ಹೊಗಳಬೇಕು. ಕೆಲಸಗಾರನೂ ಸಂಬಳ, ರಜೆಗಳ ಮಾತನ್ನು ಮನಸ್ಸಿನಲ್ಲಿ ಕುದಿಸಿಕೊಂಡಿರದೆ, ಗಿರಾಕಿಗಳಿಲ್ಲದ ಹೊತ್ತು ನೋಡಿ ನೇರವಾಗಿ, ವಿನಯದಿಂದ ಕೇಳಬೇಕು.

ಹಗಲು ತಟ್ಟೆ ತೊಳೆದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಎಷ್ಟೋ ಹುಡುಗರು ಕಚೇರಿಗಳಲ್ಲಿ ಗೌರವದ ಸ್ಥಾನಗಳಿಗೆ ಏರಿದರು. ಅಕ್ಷರದೊಂದಿಗೆ ಎದ್ದು ನಿಂತು ಮಾತನಾಡುವ ಧೈರ್ಯವನ್ನೂ ಆ ಶಾಲೆಗಳು ಅವರಿಗೆ ಕೊಟ್ಟವು. ನಮ್ಮ ಸಂಘಗಳು ಹೊಸಬರಿಗಾಗಿ ವಾರಕ್ಕೆ ಒಂದು ಗಂಟೆ ಸ್ಥಳೀಯ ಭಾಷೆಯ ವ್ಯಾವಹಾರಿಕ ಪಾಠವನ್ನು ಏರ್ಪಡಿಸಿದರೆ ಆ ಕಾರ್ಯ ಮುಂದುವರಿದಂತಾದೀತು. ಅದಕ್ಕೆ ಬೇಕಾದುದು ಒಂದು ಕೋಣೆ, ಒಬ್ಬ ಹಳಬ, ಕಲಿಯುವ ಮನಸ್ಸು, ಇಷ್ಟೇ.