ಸಂಗೀತ ನಿರ್ಮಾಣದ ವಿದ್ಯೆಯೂ ಕೌದಳ್ಳಿಯ ದಾರಿಯೂ

ಕೊಳ್ಳೇಗಾಲದಿಂದ ಹನೂರನ್ನು ಹಾದು ಮಲೆಯ ಮಹದೇಶ್ವರನ ಬೆಟ್ಟಕ್ಕೆ ಸಾಗುವ ದಾರಿಯಲ್ಲಿ ಕೌದಳ್ಳಿ ಇರುವುದು. ಶಿವರಾತ್ರಿ, ಯುಗಾದಿ, ದೀಪಾವಳಿಗಳ ಕಾಲದಲ್ಲಿ ಕಾಲ್ನಡಿಗೆಯ ಯಾತ್ರಿಕರು ಈ ಊರನ್ನು ದಾಟಿ ತಾಳಬೆಟ್ಟದ ಬುಡವನ್ನು ಸೇರುವರು. ಅವರೊಡನೆ ಕಂಸಾಳೆ ಹಿಡಿದ ದೇವರಗುಡ್ಡರ ಪದವೂ ಸಾಗುವುದು. ಈಗ ಆ ಪದ ಕೇಳಿಬಂದೊಡನೆ ಹತ್ತಾರು ಕೈಗಳು ಮೊಬೈಲುಗಳನ್ನು ಎತ್ತಿ ಹಿಡಿಯುತ್ತವೆ. ಹಾಡು ಯಂತ್ರದೊಳಕ್ಕೆ ಇಳಿಯುವುದು. ಸಂಜೆಯೊಳಗೆ ದೇಶಾಂತರಗಳನ್ನು ಮುಟ್ಟುವುದು. ಹಾಡಿದವನ ಹೆಸರು ಮಾತ್ರ ದಾರಿಯಲ್ಲಿಯೇ ಉಳಿದುಹೋಗುವುದು.

ಇಂದು ಸಂಗೀತ ನಿರ್ಮಾಣವೆಂಬ ವಿದ್ಯೆಯನ್ನು ವಿಶ್ವವಿದ್ಯಾಲಯದಲ್ಲಿ ಕಲಿತು ಪದವಿ ಪಡೆಯಬೇಕೆಂದು ನಮ್ಮ ತರುಣರು ಹಂಬಲಿಸುತ್ತಿದ್ದಾರೆ. ಹಾಡನ್ನು ಮುದ್ರಿಸುವುದು, ಹಲವು ಧ್ವನಿಗಳನ್ನು ಹದವರಿತು ಕೂಡಿಸುವುದು, ಕೇಳುಗರಿಗೆ ಒಪ್ಪುವಂತೆ ಸಿದ್ಧಗೊಳಿಸುವುದು, ಇವಿಷ್ಟೂ ಆ ವಿದ್ಯೆಯ ಅಂಗಗಳು. ಇದೂ ಒಂದು ವಿದ್ಯೆಯೇ, ಗುಂಡಿ ಒತ್ತುವ ಕಸುಬಲ್ಲವೇ ಎಂದು ಹಿರಿಯರಲ್ಲಿ ಕೆಲವರು ಕೇಳುವುದುಂಟು. ಇದು ವಿದ್ಯೆಯೇ ಸರಿ. ಆದರೆ ನಮ್ಮ ನಾಡಿನಲ್ಲಿ ಅದು ಎಲ್ಲಿಂದ ಆರಂಭವಾಗಬೇಕೆಂಬುದೇ ವಿಚಾರಾರ್ಹವಾದ ಪ್ರಶ್ನೆ.

ಜರ್ಮನಿಯ ಡೆಟ್ಮೋಲ್ಡ್ ನಗರದಲ್ಲಿ ಎರಿಕ್ ಥೀನ್‌ಹೌಸ್ ಅವರು 1949ರಲ್ಲಿಯೇ ಇಂತಹ ಶಿಕ್ಷಣಕ್ಕೆ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯವು 1970ರಲ್ಲಿ ಅದೇ ಮಾರ್ಗವನ್ನು ಹಿಡಿಯಿತು. ಸಂಗೀತವನ್ನೂ ಭೌತಶಾಸ್ತ್ರವನ್ನೂ ಬಲ್ಲ ಒಬ್ಬನೇ ಮನುಷ್ಯನನ್ನು ಸಿದ್ಧಗೊಳಿಸಬೇಕೆಂಬುದು ಅವರ ಉದ್ದೇಶವಾಗಿತ್ತು. ಈ ವಿಷಯದಲ್ಲಿ ನಾವು ಹಿಂದುಳಿದವರೆಂದು ಕುಗ್ಗಬೇಕಾದುದಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ತೆರೆದು, ಅದನ್ನು ‘ಆಕಾಶವಾಣಿ’ ಎಂದು ಕರೆದರು. ಮುಂದೆ ಸಮಸ್ತ ಭಾರತದ ಬಾನುಲಿಗೆ ಸಂದ ಹೆಸರು ಒಬ್ಬ ಅಧ್ಯಾಪಕರ ಮನೆಯಿಂದ ಹೊರಟಿತೆಂಬುದನ್ನು ಮರೆಯಲಾಗದು. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೂ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಇವೆ. ಹೆಸರುಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯಲ್ಲಿ ಧ್ವನಿಮುದ್ರಣವನ್ನು ಕಲಿಸುವ ಪರಂಪರೆಯುಂಟು. ಮನೆಗಳಿಗೆ ಕೊರತೆಯಿಲ್ಲ, ಅವುಗಳ ನಡುವೆ ದಾರಿ ಬೇಕಾಗಿದೆ.

ಆ ದಾರಿ ಕೌದಳ್ಳಿಯ ಮೂಲಕ ಹಾದುಹೋಗಬೇಕೆಂದು ನಾವೇಕೆ ಹೇಳುತ್ತೇವೆ? ಕಂಸಾಳೆಯನ್ನೇ ನೋಡಿರಿ. ಎಡಗೈಯಲ್ಲಿ ಬಟ್ಟಲಿನಂತಹ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆಯ ತಾಳ. ಎರಡೂ ತಾಗಿದ ನಿಮಿಷಾರ್ಧದಲ್ಲಿ ನಾದವು ಮಿಂಚಿನಂತೆ ಏರಿ ಮೆಲ್ಲನೆ ಇಳಿಯುವುದು. ಮೊಬೈಲಿನಂತಹ ಯಂತ್ರಗಳು ಸದ್ದು ಮಿತಿಮೀರಿದರೆ ತಾವಾಗಿಯೇ ಅದನ್ನು ತಗ್ಗಿಸುತ್ತವೆ. ಆಗ ಪ್ರತಿಯೊಂದು ಪೆಟ್ಟಿಗೂ ಹಾಡುಗಾರನ ಕಂಠವೂ ಜೊತೆಯಲ್ಲಿಯೇ ಮುಳುಗುವುದು. ಕಂಚು ಉಳಿದು ಕಥೆ ಅಳಿಯುವುದು. ಯಂತ್ರವು ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆಯಬಲ್ಲುದು. ಅದು ಮನುಷ್ಯನ ಕಿವಿಗೆ ಕೇಳುವಷ್ಟನ್ನೆಲ್ಲ ಹಿಡಿಯಲು ಸಾಕು. ಆದರೆ ಯಾವುದು ಮುಖ್ಯವೆಂಬುದನ್ನು ಯಂತ್ರವು ಅರಿಯದು. ಮೈಕನ್ನು ಎಲ್ಲಿಡಬೇಕು, ಎಷ್ಟು ದೂರದಲ್ಲಿಡಬೇಕು ಎಂಬುದನ್ನು ನಿರ್ಣಯಿಸತಕ್ಕವನು ಪದವನ್ನು ಬಲ್ಲವನೇ.

ಇನ್ನೊಂದು ಸಂಗತಿಯೂ ಉಂಟು. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಮುಂತಾಗಿ ಮಹದೇಶ್ವರನ ಕಾವ್ಯವು ಇರುಳೆಲ್ಲ ಸಾಗುವುದು. ಮುಂದಾಳು ಕಥೆಯ ಓಟಕ್ಕೆ ತಕ್ಕಂತೆ ಲಯವನ್ನು ಹಿಗ್ಗಿಸುವನು, ಕುಗ್ಗಿಸುವನು. ಹಿಮ್ಮೇಳದವರು ಅವನ ಉಸಿರನ್ನು ನೋಡಿ ಅನುಸರಿಸುವರು. ಇಂದಿನ ಸ್ಟುಡಿಯೋ ಪದ್ಧತಿಯಲ್ಲಿ ಗಡಿಯಾರದಂತಹ ಟಿಕ್ ಟಿಕ್ ಸದ್ದಿಗೆ ಎಲ್ಲರೂ ಹೊಂದಬೇಕಾಗಿದೆ. 1997ರಲ್ಲಿ ಬಂದ ‘ಆಟೋಟ್ಯೂನ್’ ಎಂಬ ಉಪಕರಣವಾದರೋ, ಸ್ವರವನ್ನು ಪಿಯಾನೋದ ಮೆಟ್ಟಿಲುಗಳಿಗೆ ಎಳೆದು ತರಬಲ್ಲುದು. ಪಾಶ್ಚಾತ್ಯ ಪಠ್ಯವನ್ನಷ್ಟೇ ಓದಿದ ವಿದ್ಯಾರ್ಥಿಗೆ ನಮ್ಮ ಗುಡ್ಡನ ಸ್ವರವು ತಪ್ಪಾಗಿ ಕಂಡೀತು. ಅವನು ಅದನ್ನು ತಿದ್ದಿಯಾನು. ತಿದ್ದಿದ್ದನ್ನು ಕೇಳಿ ಬೆಳೆದ ಮುಂದಿನ ಪೀಳಿಗೆಯು ಅದೇ ಮೂಲವೆಂದು ನಂಬೀತು. ಈ ಹಾನಿಯು ಸದ್ದಿಲ್ಲದೆ ಆಗತಕ್ಕದ್ದು. ಆದುದರಿಂದಲೇ ಹೆಚ್ಚು ಭಯಕರವಾದುದು.

ಹೊಸತನ್ನು ನಾವು ಹಳಿಯುತ್ತಿಲ್ಲ. 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ಕೋಲುಮಂಡೆ ಜಂಗಮನ ಪದವು ಎಲ್. ಎನ್. ಶಾಸ್ತ್ರಿಯವರ ಕಂಠದಲ್ಲಿ ನಾಡನ್ನೆಲ್ಲ ತುಂಬಿದುದು ಸ್ಟುಡಿಯೋದ ಉಪಕಾರದಿಂದಲೇ. ಮೂಲವನ್ನು ಬಲ್ಲವನು ಮಾರ್ಪಡಿಸಲಿ, ಬೇಡವೆನ್ನುವವರಾರು? ಮೂಲವನ್ನು ಬಲ್ಲವರು ಇಲ್ಲದಂತಾಗಬಾರದೆಂಬುದಷ್ಟೇ ನಮ್ಮ ವಾದ.

ಇನ್ನು ಹೆಸರಿನ ಮಾತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಅವರು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ತಟ್ಟೆಗಳು ಜರ್ಮನಿಯಲ್ಲಿ ಅಚ್ಚಾಗುತ್ತಿದ್ದುದರಿಂದ, ಭಾಷೆಯರಿಯದ ಕೆಲಸಗಾರರಿಗೆ ಗುರುತು ತಿಳಿಯಲೆಂದು ಆ ಏರ್ಪಾಡು. ಆ ಮಹಾಗಾಯಕಿ ತಮ್ಮ ಕೊನೆಯ ದಿನಗಳನ್ನು ನಮ್ಮ ಮೈಸೂರಿನಲ್ಲಿ ಕಳೆದು, 1930ರಲ್ಲಿ ಇಲ್ಲಿಯೇ ಕಣ್ಮುಚ್ಚಿದರು. ಹೆಸರು ಹೇಳಿದುದರಿಂದ ಅವರು ಇಂದಿಗೂ ಬದುಕಿದ್ದಾರೆ. ಹೆಸರು ಹೇಳಲು ಯಾರೂ ಕೇಳದ ನಮ್ಮ ಹಾಡುಗಾರರ ಪಾಡೇನು?

ಕಾನೂನು ಅವರನ್ನು ಮರೆತಿಲ್ಲ. 1957ರ ಕೃತಿಸ್ವಾಮ್ಯದ ಕಾಯಿದೆಗೆ 1994ರಲ್ಲಿಯೂ 2012ರಲ್ಲಿಯೂ ಆದ ತಿದ್ದುಪಡಿಗಳಿಂದ, ಹಾಡುವವನ ಒಪ್ಪಿಗೆಗೂ, ವಾಣಿಜ್ಯ ಬಳಕೆಯಾದಾಗ ಅವನಿಗೆ ಸಲ್ಲಬೇಕಾದ ಪಾಲಿಗೂ, ಹಾಡಿದವನು ಇವನೆಂದು ಗುರುತಿಸಲ್ಪಡುವ ಹಕ್ಕಿಗೂ ಆಧಾರ ದೊರಕಿದೆ. ಆದರೆ ಹಕ್ಕು ಪುಸ್ತಕದಲ್ಲಿದ್ದು, ಹಕ್ಕುಳ್ಳವನು ದಾರಿಯಲ್ಲಿದ್ದರೆ ಫಲವೇನು? ಇದನ್ನು ಅರಿತು ನಡೆಯಬೇಕಾದವನು ಧ್ವನಿಮುದ್ರಕನೇ. ಅವನಿಗೆ ಇದನ್ನು ಕಲಿಸಬೇಕಾದುದು ವಿಶ್ವವಿದ್ಯಾಲಯವೇ. ಮಾದರಿಯೂ ನಮ್ಮೆದುರಿಗಿದೆ. ಕೆ. ಕೇಶವನ್ ಪ್ರಸಾದ್ ಅವರು ಸಂಪಾದಿಸಿದ ಮಲೆ ಮಾದೇಶ್ವರ ಕಾವ್ಯವು ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿನಲ್ಲಿ ಹೊರಬಂದಾಗ, ಅದನ್ನು ಹಾಡಿದ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರ ಹೆಸರು ಗ್ರಂಥದ ಶೀರ್ಷಿಕೆಯಲ್ಲಿಯೇ ನೆಲೆಗೊಂಡಿತು. ಅಚ್ಚಿನ ವಿದ್ವಾಂಸರು ಮಾಡಿದುದನ್ನು ಧ್ವನಿಯ ವಿದ್ವಾಂಸರು ಮಾಡಲಾರರೇ?

ಆದುದರಿಂದ ನಾವು ಸೂಚಿಸುವುದು ಇಷ್ಟು. ಸಂಗೀತ ನಿರ್ಮಾಣವನ್ನು ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಜಾತ್ರೆಯ ಕಾಲವನ್ನಾದರೂ ಹಾಡುಗಾರರ ಬಳಿಯಲ್ಲಿ ಕಳೆಯಲಿ; ದೇವರಗುಡ್ಡನು ಅವನಿಗೆ ಸಾಮಗ್ರಿಯಾಗಿರದೆ, ಸಂಭಾವನೆ ಪಡೆಯುವ ಗುರುವಾಗಿರಲಿ. ಪಾಠವು ಕನ್ನಡದಲ್ಲಿ ನಡೆಯಲಿ. ಮುದ್ರಿತವಾದ ಪ್ರತಿಯೊಂದು ಪದದ ಜೊತೆಗೆ ಹಾಡಿದವನ ಹೆಸರು, ಊರು, ಒಪ್ಪಿಗೆ ಇವು ದಾಖಲಾಗಲಿ. ಒಂದು ಪ್ರತಿ ಹಾಡುಗಾರನ ಮನೆಗೆ ಸೇರಲಿ.

ಕೊಳ್ಳೇಗಾಲದ ಸೀಮೆಯು 1956ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಆಡಳಿತದ ಗೆರೆ ಅತ್ತಲಿದ್ದಾಗಲೂ ಇಲ್ಲಿನ ಪದ ಕನ್ನಡದ ಪದವೇ ಆಗಿದ್ದಿತು. ಗಡಿಗಳನ್ನು ಲೆಕ್ಕಿಸದೆ ನುಡಿಯನ್ನು ಕಾಪಾಡಿದವರು ಈ ಹಾಡುಗಾರರು. ಅವರ ಕಂಠವನ್ನು ಯಂತ್ರಕ್ಕೆ ಒಪ್ಪಿಸುವ ಈ ಹೊತ್ತಿನಲ್ಲಿ ಅವರ ಹೆಸರನ್ನು ಕಾಪಾಡುವ ಹೊಣೆ ನಮ್ಮದು. ನಮ್ಮ ವಿಶ್ವವಿದ್ಯಾಲಯಗಳು ಆ ಹೊಣೆಯನ್ನು ತಡಮಾಡದೆ ಹೊರುವುವೆಂದು ಹಾರೈಸುತ್ತೇವೆ.